ಎಲ್ಲ ಗೊತ್ತು, ಕೈ ಮಾತ್ರ ಹೋಗಲ್ಲ

ಚಕ್ರ ಬದಲಾಯಿಸುವ ಕ್ರಮವನ್ನು ಆಕೆ ನನ್ನೆದುರು ಒಂದೇ ಉಸಿರಿಗೆ ಒಪ್ಪಿಸಿದಳು. ಸಮತಟ್ಟಾದ ಜಾಗ ನೋಡಿ ನಿಲ್ಲಿಸಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ಗೇರಿನಲ್ಲಿಡಬೇಕು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿಕೊಂಡು ಆಮೇಲೆ ಜಾಕಿ ಹಾಕಬೇಕು. ಸ್ಟೆಪ್ನಿ ಕೂರಿಸಿ ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಬೇಕು, ಕಾರು ಇಳಿಸಿ ಎದುರುಬದುರಾಗಿ ಬಿಗಿ ಮಾಡಬೇಕು. 50 ಕಿಲೋಮೀಟರು ಓಡಿಸಿದ ಮೇಲೆ ಬಿಗಿ ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಬೇಕು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಇಷ್ಟೆಲ್ಲ ಬಲ್ಲವಳು ನಿಜವಾಗಿ ಪಂಕ್ಚರ್ ಆದ ದಿನ, ಅಪ್ಪ ಬರುವವರೆಗೆ ಎರಡು ಗಂಟೆ ಕಾರಿನೊಳಗೆ ಕೂತಿದ್ದಳು. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿ, ಸ್ಪ್ಯಾನರ್ ಎಲ್ಲವೂ ಇದ್ದವು.

"ಎಲ್ಲ ಗೊತ್ತು ಮೇಡಂ. ಕೈ ಮಾತ್ರ ಹೋಗಲ್ಲ" ಎಂದಳು.

ಆಪ್ತ ಸಮಾಲೋಚನೆಯ ನನ್ನ ಕೆಲಸದಲ್ಲಿ ಇದೇ ಮಾತನ್ನು ಬೇರೆ ಬೇರೆ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಒಬ್ಬನಿಗೆ ಕಾರು, ಇನ್ನೊಬ್ಬಳಿಗೆ ಅಡುಗೆ, ಮತ್ತೊಬ್ಬನಿಗೆ ಮನೆಯ ಲೆಕ್ಕಪತ್ರ. ಕಲಿಸಿದವರು ಮಕ್ಕಳ ಮೇಲೆ ಜೀವ ಇಟ್ಟುಕೊಂಡ ತಂದೆತಾಯಿಯರೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ತಂದೆ, ಮಗಳು ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವಳಿಗೆ ಇಪ್ಪತ್ತರ ಆಸುಪಾಸು. ನನ್ನ ಬಳಿ ಬಂದದ್ದು ಕಾರಿನ ವಿಷಯಕ್ಕಲ್ಲ. ಸಣ್ಣ ನಿರ್ಧಾರಕ್ಕೂ ಅಪ್ಪನಿಗೆ ಫೋನ್ ಮಾಡುತ್ತೇನೆ, ಮಾಡಿದ ಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ ಎಂದು ಬಂದಿದ್ದಳು. ತಂದೆ ಯಂತ್ರಗಳ ನಡುವೆ ದುಡಿದವರು, ಮನೆಯ ಕಾರನ್ನು ತಾವೇ ನೋಡಿಕೊಳ್ಳುವವರು. ಮಗಳು ದೂರ ಹೋಗಿ ಕೆಲಸ ಮಾಡುವ ಮೊದಲು ಇಷ್ಟಾದರೂ ಕಲಿಯಲಿ ಎಂದು ಪ್ರತಿ ಭಾನುವಾರ ಬಾನೆಟ್ ಎತ್ತಿ ಪಾಠ ಮಾಡುತ್ತಿದ್ದರು. ಭಾನುವಾರಗಳು ಅವಳ ಅಳುವಿನಲ್ಲೋ ಇಬ್ಬರ ಮೌನದಲ್ಲೋ ಮುಗಿಯುತ್ತಿದ್ದವು. "ಅವಳಿಗೆ ಆಸಕ್ತಿ ಇಲ್ಲ" ಎಂಬುದು ತಂದೆಯ ತೀರ್ಮಾನ. "ನನಗೆ ಬುದ್ಧಿ ಇಲ್ಲ" ಎಂಬುದು ಮಗಳದ್ದು.

ನನ್ನ ಮೊದಲ ಸಲಹೆ ಕೆಲಸಕ್ಕೆ ಬರಲಿಲ್ಲ. ಪ್ರತಿ ಕೆಲಸದ ಹೆಜ್ಜೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ, ಮಾತು ಕಡಿಮೆಯಾಗುತ್ತದೆ ಎಂದು ತಂದೆಗೆ ಹೇಳಿದ್ದೆ. ಅವರು ಶ್ರದ್ಧೆಯಿಂದ ಬರೆದು ಲ್ಯಾಮಿನೇಷನ್ ಮಾಡಿಸಿಯೇ ಬಿಟ್ಟರು. ಹಾಳೆ ಅವಳ ಬಾಯಿಗೆ ಬಂತು, ಕೈಗೆ ಬರಲಿಲ್ಲ. ಮೊದಲು ಅಪ್ಪನ ಕಣ್ಣು ಮಾತ್ರ ಅವಳ ತಪ್ಪು ಹುಡುಕುತ್ತಿತ್ತು, ಈಗ ಅದರ ಜೊತೆ ಹಾಳೆಯೂ ಸೇರಿಕೊಂಡಿತು. ಅವರು ಹೇಗೆ ಕಲಿಸುತ್ತಾರೆ ಎಂಬುದನ್ನು ಒಮ್ಮೆಯೂ ಕಣ್ಣಾರೆ ನೋಡದೆ ನಾನು ಸಲಹೆ ಕೊಟ್ಟಿದ್ದೆ.

ಮುಂದಿನ ಭೇಟಿಗೆ ಇಬ್ಬರನ್ನೂ ಕಾರು ಸಮೇತ ಬರಹೇಳಿದೆ. ಕಚೇರಿಯ ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಮುಂದಿನ ಎಡ ಚಕ್ರ ಬಿಚ್ಚಿ ಮತ್ತೆ ಹಾಕಿ, ಎಂದಿನ ಹಾಗೇ ಇರಿ ಎಂದೆ. ನೋಟ್‌ಬುಕ್ ಹಿಡಿದು ಒಂದು ಕಡೆ ಕೂತೆ.

ಆ ತಂದೆ ಒಮ್ಮೆಯೂ ಗದರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಮನೆಗಳ ಬಗ್ಗೆ ಕೇಳಿದ ಕೂಡಲೇ ಎಲ್ಲರೂ ಸಿಡುಕಿನ ಅಪ್ಪನನ್ನೇ ಊಹಿಸಿಕೊಳ್ಳುತ್ತಾರೆ. ಅವರ ದನಿ ಮೆತ್ತಗಿತ್ತು. ಮುಂದೆ ಹೋಗುತ್ತಿದ್ದದ್ದು ಕೈ. ಅವಳು ಸ್ಪ್ಯಾನರನ್ನು ನಟ್‌ಗೆ ಕೂರಿಸುವಾಗ ಅದು ಸ್ವಲ್ಪ ಓರೆಯಾಯಿತು. ಅವರ ಕೈ ಬಂದು ನೇರ ಮಾಡಿತು. ಅವಳು ಬಗ್ಗಿ ಜಾಕಿಯ ಜಾಗ ಹುಡುಕುತ್ತಿದ್ದಳು. ಅವರ ಬೆರಳು ಬಂದು ತೋರಿಸಿತು. ನಟ್ ಸ್ವಲ್ಪ ಬಿಗಿಯಿತ್ತು, ಅವಳು ಉಸಿರು ಕಟ್ಟಿ ಒತ್ತಿದಳು, ಅದಿನ್ನೇನು ಕದಲಬೇಕು ಎನ್ನುವಷ್ಟರಲ್ಲಿ "ಕೊಡು ಇಲ್ಲಿ" ಎಂದು ಸ್ಪ್ಯಾನರ್ ಅವರ ಕೈಗೆ ಹೋಯಿತು. 20 ನಿಮಿಷದಲ್ಲಿ ಅವರ ಕೈ 14 ಸಲ ನಡುವೆ ಬಂದದ್ದನ್ನು ಗೆರೆ ಎಳೆದು ಲೆಕ್ಕ ಇಟ್ಟೆ. ಒಂಬತ್ತನೆಯ ಸಲದ ಹೊತ್ತಿಗೆ, ಅವರು ಕೇಳುವ ಮೊದಲೇ ಅವಳು ಸ್ಪ್ಯಾನರ್ ಚಾಚಿ ನಿಂತಿದ್ದಳು.

ಲೆಕ್ಕ ಅವರಿಗೆ ತೋರಿಸಲಿಲ್ಲ. "ನಿಮಗೆ ಇದನ್ನೆಲ್ಲ ಯಾರು ಕಲಿಸಿದರು?" ಎಂದಷ್ಟೇ ಕೇಳಿದೆ.

"ಯಾರೂ ಕಲಿಸಲಿಲ್ಲ ಮೇಡಂ" ಎಂದು ನಕ್ಕರು. ಹದಿನೇಳನೆಯ ವಯಸ್ಸಿನಲ್ಲಿ, ತಮ್ಮ ತಂದೆ ಊರಲ್ಲಿಲ್ಲದಾಗ, ಮನೆಯ ಕಾರಿನ ಎಂಜಿನ್ ಆಯಿಲ್ ತಾವೇ ಬದಲಾಯಿಸಲು ಹೋದ ಕಥೆ ಹೇಳಿದರು. ಹಳೆಯ ಆಯಿಲ್ ಸುರಿಸಿ, ಕೆಳಗಿನ ಡ್ರೈನ್ ಬೋಲ್ಟನ್ನು ವಾಪಸ್ ಹಾಕುವಾಗ, ಸೋರೀತು ಎಂಬ ಹೆದರಿಕೆಗೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದು ಬಿಗಿದಿದ್ದಾರೆ. ಥ್ರೆಡ್ ಹೋಯಿತು. ಬೋಲ್ಟ್ ಸುಮ್ಮನೆ ಗರಗರ ತಿರುಗತೊಡಗಿತು. ರಾತ್ರಿಯಿಡೀ ಕೆಳಗೆ ತಟ್ಟೆ ಇಟ್ಟು ತೊಟ್ಟಿಕ್ಕುವುದನ್ನು ನೋಡುತ್ತಾ ಕೂತಿದ್ದರಂತೆ. ಬೆಳಿಗ್ಗೆ ಸೈಕಲ್ ತುಳಿದುಕೊಂಡು ಹೋಗಿ ಗೊತ್ತಿದ್ದ ಮೆಕ್ಯಾನಿಕ್ ಒಬ್ಬನನ್ನು ಕಾಡಿ ಕರೆತಂದು, ದಪ್ಪ ಬೋಲ್ಟ್ ಹಾಕಿಸಿ, ತಂದೆ ಬರುವಷ್ಟರಲ್ಲಿ ನೆಲ ಒರೆಸಿ ಮುಗಿಸಿದ್ದರು.

"ಅವತ್ತಿನಿಂದ ಎಷ್ಟು ಬಿಗಿ ಅಂದ್ರೆ ಸಾಕು ಅನ್ನೋದು ಈ ಮಣಿಕಟ್ಟಿಗೆ ಗೊತ್ತು" ಎಂದು ಬಲಗೈ ಎತ್ತಿ ತೋರಿಸಿದರು.

ಮಗಳು ಆ ಕೈಯನ್ನೇ ನೋಡುತ್ತಿದ್ದಳು. "ಅಪ್ಪಾ, ತಾತ ಊರಲ್ಲಿ ಇರಲಿಲ್ಲ ಅಂತ ನಿಮಗೆ ಆ ರಾತ್ರಿ ಸಿಕ್ತು. ನನಗೆ ಅಂಥ ಒಂದು ರಾತ್ರಿನೂ ಸಿಕ್ಕಿಲ್ಲ" ಎಂದಳು.

ಅವರು ಏನೋ ಹೇಳಲು ಬಾಯಿ ತೆರೆದರು, ಹೇಳಲಿಲ್ಲ. ಕೈ ತಾನಾಗಿ ಕೆಳಗಿಳಿಯಿತು. ತುಂಬ ಹೊತ್ತಾದ ಮೇಲೆ, "ಅವಳ ಕೈಗೆ ಏನಾದರೂ ಆಗಿಬಿಟ್ಟರೆ ಅಂತ ಹೆದರಿಕೆ ಮೇಡಂ" ಎಂದರು. ಅದು ನಿಜ. ಕೌಶಲ ಇರುವವರಿಗೆ ಇನ್ನೊಬ್ಬರ ತಡವರಿಕೆ ನೋಡುವುದು ಮೈಗೇ ಹಿಂಸೆ. ಅದರ ಮೇಲೆ ಮಗಳೆಂಬ ಮಮತೆ. ಎರಡೂ ಸೇರಿದರೆ ಕೈ ನಿಲ್ಲುವುದಿಲ್ಲ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, 'ನನ್ನಿಂದ ಆಗುತ್ತದೆ' ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ವಿವರಿಸಿದ: ತಾನೇ ಮಾಡಿ ಗೆದ್ದ ಅನುಭವ, ಬೇರೆಯವರು ಮಾಡುವುದನ್ನು ನೋಡಿದ್ದು, ಇನ್ನೊಬ್ಬರ ಧೈರ್ಯದ ಮಾತು, ಆ ಹೊತ್ತಿನ ಮೈಯ ಸ್ಥಿತಿ. ನಾಲ್ಕರಲ್ಲಿ ಗಟ್ಟಿ ಮೊದಲನೆಯದು. ಈ ಹುಡುಗಿ ಅಪ್ಪ ಮಾಡುವುದನ್ನು ವರ್ಷಗಟ್ಟಲೆ ನೋಡಿದ್ದಳು. ಧೈರ್ಯದ ಮಾತಿಗೂ ಬರವಿರಲಿಲ್ಲ. ಮೈ ಮಾತ್ರ ಪ್ರತಿ ಭಾನುವಾರ ನಡುಗುತ್ತಿತ್ತು. ತಾನೇ ಮಾಡಿ ಮುಗಿಸಿದ ಒಂದೇ ಒಂದು ಕೆಲಸ ಅವಳ ಲೆಕ್ಕದಲ್ಲಿ ಇರಲಿಲ್ಲ. ಪ್ರತಿ ನಟ್‌ನ ಕೊನೆಯ ಅರ್ಧ ಸುತ್ತು ಅಪ್ಪನದಾಗಿತ್ತು.

ಅವತ್ತು ನಾನು ಕೊಟ್ಟ ಸಲಹೆ ಹೀಗಿತ್ತು. ತಪ್ಪುಗಳನ್ನು ಎರಡು ಪಾಲು ಮಾಡಿ. ದುಡ್ಡೋ ಸಮಯವೋ ಹೋಗುವ ತಪ್ಪು ಒಂದು ಪಾಲು, ಕೈಕಾಲೋ ಜೀವವೋ ಹೋಗುವ ತಪ್ಪು ಇನ್ನೊಂದು. ಎರಡನೆಯ ಪಾಲಿನಲ್ಲಿ ತಂದೆಗೆ ಪೂರ್ತಿ ಅಧಿಕಾರ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಮೈ ತೂರಿಸುವುದು, ಓಡುತ್ತಿರುವ ಎಂಜಿನ್ನಿನ ಬೆಲ್ಟಿನ ಬಳಿ ಕೂದಲು, ಸಡಿಲ ಬಟ್ಟೆ ಬಿಡುವುದು, ಬ್ರೇಕಿನ ಕೆಲಸ, ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಆ ಮುಚ್ಚಳದ ಕೆಳಗೆ ಒತ್ತಡವಿರುತ್ತದೆ. ಒಳಗಿನ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, 100 ಡಿಗ್ರಿ ದಾಟಿದ್ದರೂ ಕುದಿಯದೆ ಕೂತಿರಬಹುದು, ಮುಚ್ಚಳ ತಿರುಗಿಸಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇಂಥಲ್ಲಿ ಕಾಯುತ್ತ ಕೂರಬೇಡಿ. "ನಿಲ್ಲು" ಎಂಬ ಒಂದೇ ಪದ ಸಾಕು. ಅದು ಕಿವಿಗೆ ಬಿದ್ದ ತಕ್ಷಣ ಮಗಳು ವಾದ ಮಾಡದೆ ಕೈ ಹಿಂದೆಗೆಯಬೇಕು ಎಂದು ಅವಳಿಂದಲೂ ಮಾತು ತೆಗೆದುಕೊಂಡೆ.

ಮೊದಲನೆಯ ಪಾಲಿನಲ್ಲಿ ತಂದೆ ಕೂತಿರಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ಆಯಿಲ್ ಎರಡು ಗುರುತುಗಳ ನಡುವೆ ಇದೆಯೇ ನೋಡುವುದು, ಟೈರು ತಣ್ಣಗಿರುವಾಗ ಗಾಳಿ ಅಳೆಯುವುದು, ವೈಪರ್, ಬಲ್ಬು, ಏರ್ ಫಿಲ್ಟರ್, ಕೊನೆಗೆ ಚಕ್ರ. ಇಲ್ಲಿ ಅವಳು ಕೇಳದೆ ಮಾತಿಲ್ಲ, ಕೈಯಂತೂ ಇಲ್ಲವೇ ಇಲ್ಲ. ಅವಳು ಕೇಳಿದಾಗಲೂ ಹೆಜ್ಜೆ ಹೇಳಬೇಡಿ, ಕಾರಣ ಹೇಳಿ ಎಂದೆ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು ಎಂದು ಅವರು ನೂರು ಸಲ ಹೇಳಿದ್ದರು. ಯಾಕೆ ಎಂದು ನಾನು ಕೇಳಿದಾಗ ಅವರೇ ಒಂದು ಗಳಿಗೆ ಯೋಚಿಸಬೇಕಾಯಿತು. ಕಾರಿನ ಲೋಹದ ಮೈಯೆಲ್ಲ ಮೈನಸ್‌ಗೆ ಜೋಡಣೆಯಾಗಿರುತ್ತದೆ. ಪ್ಲಸ್ ಬಿಚ್ಚುತ್ತಿರುವ ಸ್ಪ್ಯಾನರ್ ಅಪ್ಪಿತಪ್ಪಿ ಕಾರಿನ ಮೈಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆ ದಾರಿಯೇ ಇರುವುದಿಲ್ಲ. ಇದನ್ನು ಕೇಳಿದ ಮಗಳು, "ಹಾಗಾದ್ರೆ ಹಾಕುವಾಗ ಮೈನಸ್ ಕೊನೆಗೆ, ಅಲ್ವಾ?" ಎಂದಳು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಲ್ಯಾಮಿನೇಷನ್ ಹಾಳೆಯಲ್ಲೂ ಇರಲಿಲ್ಲ.

ನಿನಗೆ ಜಾಕಿ, ಸ್ಪ್ಯಾನರಿನ ಉಸಾಬರಿ ಯಾಕೆ, ಅಪ್ಪ-ಮಗಳ ಸಂಬಂಧದ ಬಗ್ಗೆ ಮಾತಾಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಾತಾಡಿಸಿದ್ದೆ, ಮೂರು ಭೇಟಿ. ಅಪ್ಪನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಎಂದು ಅವಳು, ಇದೆ ಎಂದು ಅವರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಂಬಿಕೆ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಕೈಯಲ್ಲಿ ಕೆಟ್ಟದ್ದನ್ನು ಕೈಯಲ್ಲೇ ಸರಿಪಡಿಸಬೇಕು ಎಂಬ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಹೊರಗಿನ ತರಬೇತಿಗೆ ಕಳಿಸಬಹುದಿತ್ತಲ್ಲ ಎಂದೂ ಅವರು ಕೇಳಿದರು. ಕೆಲಸವನ್ನು ಅಲ್ಲಿ ಇನ್ನೂ ಚೆನ್ನಾಗಿ ಕಲಿಯುತ್ತಿದ್ದಳೇನೋ. ಆದರೆ ಅಪ್ಪನ ಎದುರಿಗೇ ತಪ್ಪು ಮಾಡಿ, ಅಪ್ಪನ ಎದುರಿಗೇ ತಿದ್ದಿಕೊಳ್ಳುವುದು ಅವಳಿಗೆ ಬೇಕಿತ್ತು. ಅದು ಇನ್ನೆಲ್ಲಿ ಸಿಗಬೇಕು?

ಎರಡು ವಾರದ ನಂತರ ಅದೇ ಅಂಗಳ, ಅದೇ ಚಕ್ರ. ತಂದೆಯನ್ನು ಕಟ್ಟೆಯ ಮೇಲೆ ಕೂರಿಸಿ, ಬಿಚ್ಚಿದ ವೀಲ್ ಕ್ಯಾಪನ್ನು ಅವರ ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ ಎಂದೆ. ಮಗಳು ಹ್ಯಾಂಡ್‌ಬ್ರೇಕ್ ಎಳೆದಳು, ಕಲ್ಲು ಕೊಟ್ಟಳು, ನೇರ ಜಾಕಿಗೆ ಹೋದಳು. ನಟ್ ಸಡಿಲ ಮಾಡುವುದನ್ನೇ ಮರೆತಿದ್ದಳು. ಬಾಯಿಪಾಠದಲ್ಲಿ ಒಮ್ಮೆಯೂ ತಪ್ಪದ ಹೆಜ್ಜೆ ಅದು. ಚಕ್ರ ಗಾಳಿಗೆ ಎದ್ದಿತು. ಸ್ಪ್ಯಾನರ್ ಹಾಕಿ ಮೆಲ್ಲಗೆ ಒತ್ತಿದಳು, ನಟ್ ಬದಲು ಚಕ್ರವೇ ತಿರುಗಿತು. ಜಾಕಿಯ ಮೇಲಿರುವ ಕಾರನ್ನು ಜೋರಾಗಿ ಜಗ್ಗಿದರೆ ಜಾರಿ ಬೀಳಬಹುದು, ಹಾಗೇನಾದರೂ ಮಾಡಿದ್ದರೆ "ನಿಲ್ಲು" ಎನ್ನುವ ಹಕ್ಕು ತಂದೆಗಿತ್ತು. ನಾನು ಅವರನ್ನು ನೋಡಿದೆ. ಅವರ ಹೆಬ್ಬೆರಳುಗಳು ವೀಲ್ ಕ್ಯಾಪಿನ ಅಂಚನ್ನು ಎಡಕ್ಕೆ, ಎಡಕ್ಕೆ ತಳ್ಳುತ್ತಿದ್ದವು, ತಾವೇ ನಟ್ ಬಿಚ್ಚುತ್ತಿರುವ ಹಾಗೆ. ಬಾಯಿ ಮಾತ್ರ ತೆರೆಯಲಿಲ್ಲ.

ಅವಳು ಇನ್ನೊಮ್ಮೆ ಒತ್ತಲಿಲ್ಲ. ಚಕ್ರವನ್ನೇ ಸ್ವಲ್ಪ ಹೊತ್ತು ನೋಡಿದಳು. "ಓ" ಎಂದಳು. ಜಾಕಿ ಇಳಿಸಿದಳು, ನಾಲ್ಕೂ ನಟ್‌ಗಳನ್ನು ಮೈಭಾರ ಹಾಕಿ ಸಡಿಲ ಮಾಡಿದಳು, ಮತ್ತೆ ಏರಿಸಿದಳು. ಪೂರ್ತಿ ಕೆಲಸಕ್ಕೆ 50 ನಿಮಿಷ ಹಿಡಿಯಿತು. ಅಪ್ಪನಿಗೆ ಹತ್ತು ಸಾಕಿತ್ತು.

ಎಲ್ಲವೂ ನೆಟ್ಟಗೆ ನಡೆಯಿತು ಎನ್ನಲಾರೆ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪನ್ನು ಅವಳು ಮುರಿದಳು. ಆ ಸಂಜೆ ತಂದೆ ನನಗೆ ಫೋನ್ ಮಾಡಿ, ನಿಮ್ಮ ಮಾತು ಕೇಳಿ ಸುಮ್ಮನೆ ಕೂತಿದ್ದಕ್ಕೆ ಹೀಗಾಯಿತು ಎಂದು ಬೇಸರದಿಂದಲೇ ಹೇಳಿದರು. ನಿಮ್ಮ ಡ್ರೈನ್ ಬೋಲ್ಟಿಗಿಂತ ಇದು ಕಡಿಮೆ ನಷ್ಟ ಎಂದೆ. ಅವರು ನಗಲಿಲ್ಲ. ಆದರೆ ಮುಂದಿನ ಭಾನುವಾರವೂ ಕೂತೇ ಇದ್ದರಂತೆ.

ನಾಲ್ಕು ತಿಂಗಳ ಮೇಲೆ ಅವರದೇ ಇನ್ನೊಂದು ಫೋನ್ ಬಂತು. ಏನೋ ತೆಗೆಯಲು ಡಿಕ್ಕಿ ತೆರೆದರೆ ಸ್ಟೆಪ್ನಿಯ ಜಾಗದಲ್ಲಿ ಪಂಕ್ಚರ್ ಆದ ಚಕ್ರ ಇತ್ತಂತೆ. ಮಗಳು ಯಾವಾಗ ಬದಲಾಯಿಸಿದಳೋ, ಎಲ್ಲಿ ನಿಂತು ಬದಲಾಯಿಸಿದಳೋ, ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

"ಅವಳು ಮಲಗಿದ ಮೇಲೆ ಹೋಗಿ ಸ್ಪ್ಯಾನರ್ ಹಾಕಿ ನೋಡಿದೆ ಮೇಡಂ. ನಾಲ್ಕೂ ಬಿಗಿಯಾಗಿದ್ದವು, ಎಷ್ಟು ಬೇಕೋ ಅಷ್ಟೇ. ಇದನ್ನ ಅವಳಿಗೆ ಹೇಳಲಾ ಬೇಡವಾ ಅಂತ ಕೇಳೋಣ ಅಂತ ಫೋನ್ ಮಾಡಿದೆ."

ಹೇಳಿ ಎಂದೆ. ರಾತ್ರಿ ಕದ್ದು ಹೋಗಿ ನೋಡಿದ್ದನ್ನೂ ಸೇರಿಸಿ ಹೇಳಿ ಎಂದೆ.