ಚಿಂಕ್ವೆ ತೆರ್ರೆ: ಒಂದು ದಿನಕ್ಕೆ ಮೂರು ಊರು ಸಾಕು

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ಕುಟುಂಬದೊಂದಿಗೆ ಇಟಲಿಗೆ ಹೊರಟಿದ್ದೇವೆ. ಫ್ಲಾರೆನ್ಸ್ ನೋಡಿದ ಮೇಲೆ ಸಮುದ್ರದಂಚಿನ ಬಂಡೆಗಳ ಮೇಲಿರುವ ಚಿಂಕ್ವೆ ತೆರ್ರೆಯ ಐದು ಊರುಗಳನ್ನು ರೈಲಿನಲ್ಲಿ ಒಂದೇ ದಿನ ಸುತ್ತಬೇಕೆಂದಿದ್ದೇವೆ. ತಾಯಿಯವರಿಗೆ ಮೊಣಕಾಲು ನೋವಿದೆ. ನಾವೆಲ್ಲರೂ ಸಸ್ಯಾಹಾರಿಗಳು. ದಿನ ಆರಾಮವಾಗಿ ಕಳೆಯಲು ಹೇಗೆ ಯೋಜಿಸಬೇಕು? ದೂಧಸಾಗರದ ಘಟ್ಟದಲ್ಲಿ ಕಂಡಂತೆ ಇಲ್ಲಿಯೂ ರೈಲಿನ ಕಿಟಕಿಯಿಂದಲೇ ಎಲ್ಲವೂ ಕಾಣುತ್ತದೆಯೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕಿಟಕಿಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಇಡೀ ಯೋಜನೆ ಅದರ ಮೇಲೆ ನಿಂತಿದೆ. ಕ್ಯಾಸಲ್‌ರಾಕ್ ದಾಟಿ ಗೋವಾ ಕಡೆಗೆ ಇಳಿಯುವಾಗ ಕಾಡು, ಕಣಿವೆ, ಜಲಪಾತಗಳು ಸಾಲಾಗಿ ಕಾಣುತ್ತವೆ. ಚಿಂಕ್ವೆ ತೆರ್ರೆಯ ಹಳಿಯಾದರೋ ಬಹುಪಾಲು ಸುರಂಗದೊಳಗೇ ಸಾಗುತ್ತದೆ. ಕ್ಷಣಕಾಲ ನೀಲಿ ಸಮುದ್ರ ಮಿಂಚಿ, ಮತ್ತೆ ಕತ್ತಲಾಗುತ್ತದೆ. 19ನೇ ಶತಮಾನದ ಎಪ್ಪತ್ತರ ದಶಕದಲ್ಲಿ ಈ ಮಾರ್ಗವನ್ನು ಹಾಕಿದಾಗ ಬೆಟ್ಟ ನೇರವಾಗಿ ಕಡಲಿಗೆ ಇಳಿಯುವ ಈ ದಂಡೆಯಲ್ಲಿ ಹಳಿಗೆ ಬೇರೆ ಜಾಗವೇ ಇರಲಿಲ್ಲ. ಆದ್ದರಿಂದ ರೈಲು ನಿಮ್ಮನ್ನು ಊರಿಂದ ಊರಿಗೆ ಕೆಲವೇ ನಿಮಿಷಗಳಲ್ಲಿ ಮುಟ್ಟಿಸುತ್ತದೆ, ನೋಡುವುದೆಲ್ಲ ಇಳಿದ ಮೇಲೆಯೇ.

ಐದೂ ಊರುಗಳನ್ನು ಒಂದು ದಿನದಲ್ಲಿ ಮುಟ್ಟಿ ಬರಲು ಖಂಡಿತ ಸಾಧ್ಯವಿದೆ. ಆದರೆ ಹತ್ತಿ ಇಳಿಯುವುದು, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ಜನಜಂಗುಳಿಯಲ್ಲಿ ದಾರಿ ಮಾಡಿಕೊಳ್ಳುವುದು, ಇಷ್ಟರಲ್ಲೇ ದಿನ ಕಳೆದುಹೋಗುತ್ತದೆ. ನೀವು ಕೇಳಿರುವುದು ಆರಾಮದ ದಿನವನ್ನು. ಹಾಗಾಗಿ ವೆರ್ನಾತ್ಸಾ, ಮೊಂತೆರೊಸ್ಸೊ ಮತ್ತು ಮನರೋಲಾ ಈ ಮೂರನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಕೊರ್ನಿಲ್ಯಾವನ್ನು ಬಿಡಲು ಹೇಳುವಾಗ ನನಗೂ ಬೇಸರವಾಗುತ್ತದೆ, ಐದರಲ್ಲಿ ಹೆಚ್ಚು ಶಾಂತವಾದ ಊರು ಅದು. ಆದರೆ ಅದು ಕಡಲಿನಿಂದ ಸುಮಾರು 100 ಮೀಟರ್ ಎತ್ತರದಲ್ಲಿದ್ದು, ನಿಲ್ದಾಣದಿಂದ ಮೇಲೇರಲು 370ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಚಿಕ್ಕ ಬಸ್ಸಿನ ಸೌಲಭ್ಯ ಇದೆಯಾದರೂ ಅದು ಬೇಗ ತುಂಬಿಹೋಗುವುದರಿಂದ, ತಾಯಿಯವರನ್ನು ಅದರ ಭರವಸೆಯ ಮೇಲೆ ಕರೆದೊಯ್ಯಬೇಡಿ.

ಫ್ಲಾರೆನ್ಸ್‌ನಿಂದ ಈ ಊರುಗಳ ಪಕ್ಕದ ನಗರವಾದ ಲಾ ಸ್ಪೆತ್ಸಿಯಾಕ್ಕೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಫ್ಲಾರೆನ್ಸ್‌ನಿಂದಲೇ ಹೊರಟು ರಾತ್ರಿ ಅಲ್ಲಿಗೇ ಮರಳುವ ಬದಲು, ಹಿಂದಿನ ಸಂಜೆ ಲಾ ಸ್ಪೆತ್ಸಿಯಾದಲ್ಲಿ ತಂಗಿ, ಸಾಮಾನು ಅಲ್ಲೇ ಬಿಟ್ಟು, ಮರುದಿನ ಎಂಟು ಗಂಟೆಯೊಳಗೆ ವೆರ್ನಾತ್ಸಾ ತಲುಪಿದರೆ ದಿನವೇ ಬೇರೆಯಾಗುತ್ತದೆ. ಪ್ರವಾಸಿ ಗುಂಪುಗಳು ಬರುವ ಮೊದಲಿನ ಹೊತ್ತದು. ನಿಲ್ದಾಣದಿಂದ ಒಂದೇ ಬೀದಿ ಇಳಿಜಾರಿನಲ್ಲಿ ಬಂದರಿನವರೆಗೆ ಹೋಗುತ್ತದೆ. ಕೊನೆಯಲ್ಲಿ ಪುಟ್ಟ ಚೌಕ, ನೀರಿನಂಚಿಗೇ ಕಟ್ಟಿದ ಚರ್ಚು, ದಡಕ್ಕೆ ಎಳೆದಿಟ್ಟ ಬಣ್ಣದ ದೋಣಿಗಳು. 2011ರ ಅಕ್ಟೋಬರ್ 25ರಂದು ಸುರಿದ ಭಾರಿ ಮಳೆಗೆ ಇದೇ ಬೀದಿ ಕೆಸರಿನಲ್ಲಿ ಹೂತುಹೋಗಿತ್ತು, ಊರಿನವರು ಅದನ್ನು ಮತ್ತೆ ಕಟ್ಟಿಕೊಂಡರು. ಶರತ್ಕಾಲದ ಮಳೆಯಲ್ಲಿ ಇಲ್ಲಿಗೆ ಬರಬೇಡಿ ಎಂದು ನಾನು ಹೇಳುವುದು ಇದಕ್ಕೇ. ನೀವು ಆರಿಸಿರುವ ಮೇ ತಿಂಗಳು ಒಳ್ಳೆಯದು, ಶನಿವಾರ ಭಾನುವಾರಗಳನ್ನು ಮಾತ್ರ ತಪ್ಪಿಸಿ.

ಒಂದು ಎಚ್ಚರಿಕೆ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದವಿದೆ. ಆದರೆ ವೆರ್ನಾತ್ಸಾದಲ್ಲಿ ಎರಡು ಸುರಂಗಗಳ ನಡುವೆ ಸಿಕ್ಕಿದಷ್ಟೇ ಜಾಗ ಇರುವುದರಿಂದ ರೈಲಿನ ಕೆಲವು ಬೋಗಿಗಳು ಸುರಂಗದೊಳಗೇ ನಿಲ್ಲುತ್ತವೆ. ಹೊರಗೆ ಕತ್ತಲಿದೆ, ನಿಲ್ದಾಣ ಬಂದಿಲ್ಲ ಎಂದು ಕುಳಿತೇ ಇರುವವರು ಮುಂದಿನ ಊರಿಗೆ ಹೋಗಿಬಿಡುತ್ತಾರೆ. ರೈಲು ನಿಂತೊಡನೆ ಬಾಗಿಲು ತೆರೆದು ಇಳಿಯಿರಿ, ಗೋಡೆಯ ಬದಿಯ ಕಿರಿದಾದ ದಾರಿಯಲ್ಲಿ ಬೆಳಕಿನ ಕಡೆಗೆ ನಡೆಯಿರಿ.

ಮಧ್ಯಾಹ್ನಕ್ಕೆ ಮೊಂತೆರೊಸ್ಸೊ. ಐದರಲ್ಲಿ ಹೆಚ್ಚು ಸಮತಟ್ಟಾದ ಊರು ಇದು, ನಿಲ್ದಾಣದ ಎದುರಿಗೇ ಮರಳಿನ ದಂಡೆ ಇದೆ. ತಾಯಿಯವರು ಇಲ್ಲಿ ಎರಡು ಮೂರು ಗಂಟೆ ಕುಳಿತು ವಿಶ್ರಮಿಸಲಿ. ಊಟಕ್ಕೆ ಚಿಂತೆ ಬೇಡ. ಫೊಕಾಚ್ಚಾ ಎಂಬ ಆಲಿವ್ ಎಣ್ಣೆಯ ಬ್ರೆಡ್ಡು, ಕಡಲೆಹಿಟ್ಟಿನ ತೆಳುವಾದ ಫರಿನಾತಾ, ತುಳಸಿಯ ಜಾತಿಯದೇ ಎಲೆಯಿಂದ ಅರೆದ ಪೆಸ್ತೊ ಹಾಕಿದ ಪಾಸ್ತಾ, ಎಲ್ಲವೂ ಲಿಗೂರಿಯಾ ಪ್ರಾಂತದ್ದೇ ತಿನಿಸುಗಳು. ಆದರೆ ಪೆಸ್ತೊದಲ್ಲಿ ಬೆಳ್ಳುಳ್ಳಿ ಇರುತ್ತದೆ. ಅದಕ್ಕೆ ಬೆರೆಸುವ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸಿ ತಯಾರಿಸುತ್ತಾರೆ, ಕಟ್ಟುನಿಟ್ಟಿನವರು ಇದನ್ನು ತಿಳಿದಿರಬೇಕು. ಮೊಂತೆರೊಸ್ಸೊ ‘ಅಚ್ಚೂಗೆ’ ಎಂಬ ಸಣ್ಣ ಮೀನಿಗೆ ಹೆಸರಾದ ಊರು. ಫೊಕಾಚ್ಚಾದ ಮೇಲೂ ಅದನ್ನು ಇಟ್ಟಿರಬಹುದು, ಕೇಳಿಯೇ ಕೊಳ್ಳಿ.

ಸಂಜೆ, ಐದರಲ್ಲಿ ಉಳಿದ ಊರಾದ ರಿಯೋಮಜ್ಜೋರೆಯಲ್ಲಿ ಸುತ್ತಾಡಲು ಅಲ್ಲ, ನಡಿಗೆಗಾಗಿ ಮಾತ್ರ ಇಳಿದು, ಅಲ್ಲಿಂದ ಮನರೋಲಾಕ್ಕೆ ಬಂಡೆಯ ಪಕ್ಕದಲ್ಲೇ ಸಾಗುವ ‘ವಿಯಾ ದೆಲ್ಲಾಮೋರೆ’ ದಾರಿಯಲ್ಲಿ ನಡೆಯಿರಿ. ಒಂದು ಕಿಲೋಮೀಟರಿಗೂ ಕಡಿಮೆ, ಹೆಚ್ಚಿನ ಏರಿಳಿತವಿಲ್ಲ. 2012ರಲ್ಲಿ ಬಂಡೆ ಕುಸಿದು ಮುಚ್ಚಿದ್ದ ಈ ದಾರಿ 2024ರಲ್ಲಿ ಮತ್ತೆ ತೆರೆಯಿತು. ಇದಕ್ಕೆ ಪ್ರವೇಶದ ಸಮಯವನ್ನು ಮೊದಲೇ ಕಾಯ್ದಿರಿಸಬೇಕು. ಮನರೋಲಾದಲ್ಲಿ ನಿಲ್ದಾಣದಿಂದ ಊರಿಗೆ ಪಾದಚಾರಿ ಸುರಂಗವಿದೆ. ಮೇಲೆ ತಲೆಯೆತ್ತಿದರೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಒಡ್ಡುಗಳು, ಅವುಗಳ ನಡುವೆ ದ್ರಾಕ್ಷಿ ತೋಟಗಳು ಕಾಣುತ್ತವೆ. 1997ರಲ್ಲಿ ಈ ಪ್ರದೇಶಕ್ಕೆ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ದೊರೆಯುವುದರಲ್ಲಿ ತಲೆತಲಾಂತರದ ಈ ರೈತರ ದುಡಿಮೆಯ ಪಾಲು ದೊಡ್ಡದು. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಸುಮಾರಿಗೆ, ಆದ್ದರಿಂದ ಅವಸರ ಬೇಡ.

ಟಿಕೆಟಿಗೆ ‘ಚಿಂಕ್ವೆ ತೆರ್ರೆ ತ್ರೇನೊ’ ಕಾರ್ಡು ಕೊಳ್ಳಿ. ಲಾ ಸ್ಪೆತ್ಸಿಯಾದಿಂದ ಐದೂ ಊರುಗಳ ಆಚೆ ಬದಿಯ ಲೆವಾಂತೊ ಊರಿನವರೆಗೆ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಕಾಗದದ ಕಾರ್ಡನ್ನು ಮೊದಲ ಸಲ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳದಿದ್ದರೆ ದಂಡ ಬೀಳುತ್ತದೆ. ದೂರದ ವೇಗದ ರೈಲುಗಳು ಎಲ್ಲ ಊರುಗಳಲ್ಲಿ ನಿಲ್ಲುವುದಿಲ್ಲ, ‘ಚಿಂಕ್ವೆ ತೆರ್ರೆ ಎಕ್ಸ್‌ಪ್ರೆಸ್’ ಎಂದಿರುವುದನ್ನೇ ಹತ್ತಿ. ಇಟಲಿಯಲ್ಲಿ ರೈಲು ನೌಕರರ ಮುಷ್ಕರ ಅಪರೂಪವಲ್ಲ. ಅದನ್ನು ಮುಂಚಿತವಾಗಿಯೇ ಪ್ರಕಟಿಸುವುದರಿಂದ, ಲಾ ಸ್ಪೆತ್ಸಿಯಾದ ಕೋಣೆ ಕಾಯ್ದಿರಿಸುವ ಮೊದಲು ಆ ದಿನಾಂಕವನ್ನು ಒಮ್ಮೆ ಪರಿಶೀಲಿಸಿ.