ಅವ್ವ ಬಿಚ್ಚುತ್ತಾಳೆ, ಮಗಳು ಮುನಿಸಿಕೊಳ್ಳುತ್ತಾಳೆ

*ನನಗೆ 46 ವರ್ಷ, ಬ್ಯಾಂಕ್ ಉದ್ಯೋಗಿ. ನಮ್ಮ ಅವ್ವನಿಗೆ 77. ಬಾಗಿಲ ತೋರಣ, ಟೇಬಲ್ ಹಾಸು, ಕೂಸುಗಳ ಕುಲಾವಿ ಎಂದು ಆಕೆ ಜೀವಮಾನವಿಡೀ ಕ್ರೋಶಾ ಹೆಣೆದವಳು. ಮದುವೆಯಾದ ಹೊಸತರಲ್ಲಿ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಮನೆಯಾಕೆಯಿಂದ ಕಲಿತದ್ದಂತೆ. ನನ್ನ ಮಗಳಿಗೆ 19. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತು, ಉಲ್ಲನ್ನಿನ ಆಮೆ, ಬೆಕ್ಕು, ಸೂರ್ಯಕಾಂತಿ ಮಾಡಿ ಮಾರುತ್ತಾಳೆ. ಅವ್ವನಿಗೆ ಮೊದಲು ಹಿಗ್ಗೋ ಹಿಗ್ಗು. ಈಗ ದಿನಾ ಜಗಳ. "ಹೆಸರೇ ತಪ್ಪು ಹೇಳುತ್ತಾಳೆ, ಲೆಕ್ಕವೂ ತಪ್ಪು, ಮೇಲೆ ದುಡ್ಡಿಗೆ ಮಾರುತ್ತಾಳೆ" ಎಂಬುದು ಅವ್ವನ ದೂರು. ಮೊನ್ನೆ ಮೊಮ್ಮಗಳು ಕಾಲೇಜಿಗೆ ಹೋದಾಗ ಅರ್ಧ ಹೆಣೆದ ಚೀಲವನ್ನು ಬಿಚ್ಚಿಯೇಬಿಟ್ಟಳು. ಮಗಳು ಅಜ್ಜಿಯ ಪಕ್ಕ ಕೂರುವುದನ್ನೇ ಬಿಟ್ಟಿದ್ದಾಳೆ. ಅವ್ವನ ಟ್ರಂಕಿನಲ್ಲಿರುವ ಬಿಳಿ ಹಾಸನ್ನು ಕತ್ತರಿಸಿ ಬ್ಲೌಸಿನ ತೋಳಿಗೆ ಹಾಕಿಸಬೇಕೆಂಬ ಆಸೆಯೂ ಅವಳಿಗಿದೆ. ನಾನು ಯಾರ ಪರ ನಿಲ್ಲಲಿ? ನನಗಂತೂ ಅವ್ವ ಸೂಜಿ ಮುಟ್ಟಗೊಡಲಿಲ್ಲ.*

*— ಓದುಗರೊಬ್ಬರು, ಧಾರವಾಡ*

ನಿಮ್ಮ ಪತ್ರದ ಕೊನೆಯ ವಾಕ್ಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಚೀಲದ ವಿಚಾರ.

ಕ್ರೋಶಾದಲ್ಲಿ ಎಷ್ಟೇ ದೊಡ್ಡ ಹಾಸು ಹೆಣೆಯುತ್ತಿದ್ದರೂ ಸಾಮಾನ್ಯವಾಗಿ ಸೂಜಿಯ ಕೊಕ್ಕೆಯಲ್ಲಿ ಜೀವಂತವಾಗಿರುವುದು ಒಂದೇ ಒಂದು ಕುಣಿಕೆ. ಅದನ್ನು ಜಾರಿಸಿ ದಾರ ಎಳೆದರೆ ವಾರದ ಕೆಲಸ ನಿಮಿಷದಲ್ಲಿ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತದೆ. ನಿಮ್ಮ ಅವ್ವನ ಕೈಗೆ ಅದು ಅಭ್ಯಾಸ. ತಾವೇ ಹೆಣೆದದ್ದನ್ನು ಮನಸ್ಸಿಗೆ ಬಾರದೆ ಎಷ್ಟು ಸಲ ಬಿಚ್ಚಿದ್ದಾರೋ. ಹಾಗಾಗಿ ಅವರಿಗೆ ಅದು ತಿದ್ದುವುದು, ನಿಮ್ಮ ಮಗಳಿಗೆ ಅವಮಾನ. ಇಲ್ಲಿ ನಾನು ಮಗಳ ಪರ. ತಪ್ಪು ತೋರಿಸುವ ಹಕ್ಕು ಅಜ್ಜಿಗೆ ಧಾರಾಳವಾಗಿ ಇರಲಿ, ದಾರ ಎಳೆಯುವ ಹಕ್ಕು ಹೆಣೆದವಳಿಗೆ ಮಾತ್ರ. ಇದನ್ನು ಅವ್ವನಿಗೆ ನೀವೇ ಹೇಳಬೇಕು, ಮಗಳ ಎದುರಿಗಲ್ಲ.

ಇನ್ನು ಆ ತಪ್ಪು. ಇಬ್ಬರಲ್ಲಿ ಯಾರ ತಪ್ಪೂ ಇಲ್ಲದಿರಬಹುದು ಎಂಬುದು ನನ್ನ ಗುಮಾನಿ. ನಮ್ಮಲ್ಲಿ ಹಳಬರು ನೋಡಿ ಕಲಿತ ವಿನ್ಯಾಸದ ಪುಸ್ತಕಗಳಲ್ಲಿ ಹೆಚ್ಚಿನವು ಬ್ರಿಟಿಷ್ ಪದ್ಧತಿಯವು. ಇಂದಿನ ಬಹುಪಾಲು ವಿಡಿಯೊಗಳು ಅಮೆರಿಕದ ಪದ್ಧತಿಯವು. ಸೂಜಿಗೆ ದಾರವನ್ನು ಒಂದು ಸುತ್ತು ಸುತ್ತಿಕೊಂಡು ಎತ್ತುವ ಉದ್ದನೆಯ ಹೆಣಿಕೆಗೆ, ಅಂದರೆ ಕಂಬಕ್ಕೆ, ಅಮೆರಿಕದಲ್ಲಿ 'ಡಬಲ್', ಬ್ರಿಟನ್ನಿನಲ್ಲಿ 'ಟ್ರೆಬಲ್'. ಬ್ರಿಟಿಷರ 'ಡಬಲ್' ಎಂದರೆ ಸುತ್ತೇ ಇಲ್ಲದ ಗಿಡ್ಡ ಹೆಣಿಕೆ, ಅದು ಅಮೆರಿಕದವರಿಗೆ 'ಸಿಂಗಲ್'. ಮೊಮ್ಮಗಳು "ಇಲ್ಲಿ ಡಬಲ್" ಎಂದು ಓದಿ ಹೇಳಿದರೆ ಅಜ್ಜಿಯ ಕೈ ಗಿಡ್ಡದ್ದನ್ನು ಹಾಕುತ್ತದೆ, ಸಾಲು ಅರ್ಧದಷ್ಟೇ ಏಳುತ್ತದೆ, ಇಬ್ಬರೂ ಪರಸ್ಪರ ದಡ್ಡರಾಗುತ್ತಾರೆ. ಒಂದು ಸಂಜೆ ಇಬ್ಬರನ್ನೂ ಕೂರಿಸಿ, ಹೆಸರು ಹೇಳದೆ ಬರೀ ಕೈಯಲ್ಲಿ ಹಾಕಿ ತೋರಿಸಲು ಹೇಳಿ. ಅರ್ಧ ಜಗಳ ಅಲ್ಲೇ ಮುಗಿದರೆ ನನಗೆ ಆಶ್ಚರ್ಯವಿಲ್ಲ.

ದುಡ್ಡಿಗೆ ಮಾರುವುದರ ಬಗ್ಗೆ ಅವ್ವನ ಮುಜುಗರ ಅರ್ಥವಾಗುತ್ತದೆ. ಆ ಕಾಲದ ಮರ್ಯಾದಸ್ತ ಮನೆಗಳಲ್ಲಿ ಹೆಂಗಸರ ಹೆಣಿಕೆ ಬೀಗರ ಮನೆಗೆ ಹೋಗುತ್ತಿತ್ತೇ ಹೊರತು ಅಂಗಡಿಗಲ್ಲ. ಆದರೆ ಇಂದು ನಮ್ಮ ಊರುಗಳಲ್ಲಿ ಎಷ್ಟೋ ಹೆಂಗಸರು ಇದೇ ಕೊಕ್ಕೆಸೂಜಿಯಲ್ಲಿ ಸೀರೆಗೆ ಕುಚ್ಚು ಹಾಕಿ ಮನೆ ನಡೆಸುತ್ತಿದ್ದಾರೆ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳು 19ನೆಯ ಶತಮಾನದಲ್ಲಿ ಕಲಿಸಿದ ಕ್ರೋಶಾ ಲೇಸನ್ನು ಗೋದಾವರಿ ಸೀಮೆಯ ಹೆಂಗಸರು ತಲೆಮಾರುಗಳಿಂದ ಹೆಣೆದು ವಿದೇಶಕ್ಕೆ ಕಳಿಸುತ್ತಿದ್ದಾರೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಷ್ಟಾಗಿಯೂ ಅದನ್ನು "ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುವ ಕೆಲಸ" ಎಂದೇ ಕರೆದು ಅವರಿಗೆ ಪುಡಿಗಾಸು ಕೊಟ್ಟ ಚರಿತ್ರೆ ದೊಡ್ಡದು. ನಿಮ್ಮ ಮಗಳು ತನ್ನ ಆಮೆಗೆ ಬೆಲೆ ಕಟ್ಟಿದ್ದು ತಪ್ಪೆಂದು ನನಗನಿಸುವುದಿಲ್ಲ. ಕಡಿಮೆ ಕಟ್ಟಿದ್ದಾಳೇನೋ ಎಂಬುದಷ್ಟೇ ನನ್ನ ಅನುಮಾನ. ಇದರಲ್ಲಿ ಬ್ಯಾಂಕಿನವರಾದ ನೀವು ಅವಳಿಗೆ ಸಹಾಯ ಮಾಡಬಹುದು: ದಾರದ ಖರ್ಚಿನ ಜೊತೆಗೆ ಗಂಟೆಗಳನ್ನೂ ಬರೆದಿಡಲು ಕಲಿಸಿ.

ವಿಡಿಯೊ ನೋಡಿ ಕಲಿತವಳು ಎಂಬ ಮೂದಲಿಕೆಯೂ ಬೇಡ. ನಿಮ್ಮ ಅವ್ವ ಕಲಿತದ್ದೂ ಹೆತ್ತ ತಾಯಿಯಿಂದಲ್ಲವಲ್ಲ, ಕ್ವಾರ್ಟರ್ಸಿನ ನೆರೆಯಾಕೆಯಿಂದ. ಇವಳ ಪಾಲಿಗೆ ಮೊಬೈಲೇ ಪಕ್ಕದ ಮನೆ.

ಈಗ ನಿಮ್ಮ ಕೊನೆಯ ವಾಕ್ಯ. ಯಾರ ಪರ ಎಂದು ಕೇಳಿದಿರಿ. ನನಗೆ ಕಂಡದ್ದು ಬೇರೆ. ನಿಮ್ಮ ಮನೆಯಲ್ಲಿ ಅಜ್ಜಿ ಹೆಣೆಯುತ್ತಾರೆ, ಮೊಮ್ಮಗಳು ಹೆಣೆಯುತ್ತಾಳೆ, ನೀವು ನಡುವೆ ಬರಿಗೈಯಲ್ಲಿ ನ್ಯಾಯ ಹೇಳಲು ಕೂತಿದ್ದೀರಿ. ಸೂಜಿ ಮುಟ್ಟಗೊಡದ ಅವ್ವನ ಮೇಲೆ ನಿಮಗೆ ಒಳಗೊಳಗೇ ಬೇಸರವಿದೆ, ಮತ್ತು ಅದು ಮಗಳ ಹೆಸರಿನಲ್ಲಿ ಹೊರಬರುತ್ತಿದೆ. "ಓದು, ಇದರ ಸಹವಾಸ ಬೇಡ" ಎಂದು ಹೆಣ್ಣುಮಕ್ಕಳನ್ನು ಹೊಲಿಗೆ ಹೆಣಿಕೆಯಿಂದ ದೂರ ಅಟ್ಟಿದ ತಾಯಂದಿರು ಆಗ ಬಹಳ. ನಿಮ್ಮ ಬ್ಯಾಂಕಿನ ಕುರ್ಚಿಯ ಹಿಂದೆಯೂ ಅಂಥದೇ ಒಂದು ಲೆಕ್ಕ ಇರಬಹುದು. ಇರಲಿಕ್ಕಿಲ್ಲ ಕೂಡ. ಕೇಳಿ ನೋಡಿ. ಅವರು ಹೆಣೆಯುತ್ತಿರುವಾಗ ಕೇಳಿ. ಕೈಗೆ ಕೆಲಸವಿದ್ದಾಗ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ, ಮಾತು ಸಲೀಸಾಗಿ ಬರುತ್ತದೆ.

ಆಮೇಲೆ ನೀವೇ ಕಲಿಯಿರಿ. ನಾಲ್ಕು ಮಿಲಿಮೀಟರಿನ ಸೂಜಿ, ತಿಳಿ ಬಣ್ಣದ ದಪ್ಪ ದಾರ ಸಾಕು. ಚೈನ್, ಅಂದರೆ ಮೊದಲ ಕುಣಿಕೆಗಳ ಸರಪಳಿ, ಹಾಕುವುದು ಅವ್ವ ಹೇಳಿಕೊಡಲಿ. ನಾಲ್ಕನೆಯ ಸಾಲಿಗೆ ನಿಮ್ಮ ಚೌಕ ತ್ರಿಕೋನವಾಗತೊಡಗುತ್ತದೆ, ಏಕೆಂದರೆ ಹೊಸಬರು ಸಾಲಿನ ಕೊನೆಯ ಕಂಬವನ್ನು ಕಾಣದೆ ಬಿಟ್ಟುಬಿಡುತ್ತಾರೆ. ಆಗ ಮಗಳನ್ನು ಕರೆಯಿರಿ. ಕೊನೆಯ ಕುಣಿಕೆಗೆ ಗುರುತಿನ ಪಿನ್ನು ಸಿಕ್ಕಿಸುವ ಉಪಾಯ ಅವಳಿಗೆ ವಿಡಿಯೊದಿಂದ ಗೊತ್ತಿರುತ್ತದೆ. ಅವರಿಬ್ಬರೂ ಸೇರಿ ನಿಮ್ಮನ್ನು ನೋಡಿ ನಗಲಿ. ಅವರನ್ನು ಒಂದಾಗಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ತಿಳಿದಿಲ್ಲ.

ಟ್ರಂಕಿನ ಆ ಬಿಳಿ ಹಾಸನ್ನು ಕತ್ತರಿಸಬೇಡಿ. ಅಜ್ಜಿಯ ಮೇಲಿನ ಗೌರವ ಒಂದು ಕಡೆ ಇರಲಿ, ಕತ್ತರಿಸಿದ ಕ್ರೋಶಾ ಅಂಚಿನಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ತೋಳಿಗೆ ಬೇಕಿದ್ದರೆ ಹಳೆಯ ದಿಂಬಿನ ಚೀಲಗಳಿಗೆ ಹೊಲಿದ ಲೇಸ್ ಪಟ್ಟಿಗಳಿದ್ದಾವೆಯೇ ನೋಡಿ, ಹೊಲಿಗೆ ಬಿಡಿಸಿದರೆ ಅವು ಇಡಿಯಾಗಿ ಬರುತ್ತವೆ. ಕೊಡುವುದು ಬಿಡುವುದು ಅವ್ವನಿಗೆ ಸೇರಿದ್ದು. ಮೊಮ್ಮಗಳೇ ಹೋಗಿ ಕೇಳಲಿ, ನೀವು ವಕಾಲತ್ತು ವಹಿಸಬೇಡಿ. ಟ್ರಂಕಿನಲ್ಲಿರುವುದನ್ನೆಲ್ಲ ಗಂಜಿ ಹೋಗುವಂತೆ ಒಗೆದು, ಚೆನ್ನಾಗಿ ಒಣಗಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಗಂಜಿ ಇದ್ದರೆ ಹುಳ ಬರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ. ಮಡಿಕೆಯನ್ನು ಆಗಾಗ ಬದಲಿಸಿ.

ಹಾಗೆಯೇ ಅವ್ವನನ್ನು ಕಣ್ಣಿನ ಡಾಕ್ಟರ ಬಳಿಗೂ ಒಮ್ಮೆ ಕರೆದುಕೊಂಡು ಹೋಗಿ. ಮೊಮ್ಮಗಳ ಲೆಕ್ಕ ತಪ್ಪಿದೆ ಎಂದು ಅವರಿಗೆ ಕಾಣುವುದಕ್ಕೆ ಪೊರೆಯೂ ಕಾರಣವಾಗಿರಬಹುದು. ಅಲ್ಲಿಯವರೆಗೆ ಸಣ್ಣ ಬಿಳಿ ದಾರ ಹಿಡಿದಾಗ ಮಡಿಲ ಮೇಲೊಂದು ಕಪ್ಪು ಬಟ್ಟೆ ಹಾಸಿಕೊಡಿ, ಕುಣಿಕೆಗಳು ಸ್ಪಷ್ಟವಾಗಿ ಕಾಣುತ್ತವೆ.