ಬಾಗಿಲಲ್ಲೇ ವಯಸ್ಸು ಕೇಳಿದರೆ ಗೂಗಲ್ ಒಳಗೆ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಅದಕ್ಕೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಂದಿಬೆಟ್ಟದ ಹತ್ತಿರ ನಮ್ಮದು ದ್ರಾಕ್ಷಿ ತೋಟ, ಜೊತೆಗೊಂದು ಚಿಕ್ಕ ವೈನರಿ. ಶನಿವಾರ, ಭಾನುವಾರ ಬೆಂಗಳೂರಿನಿಂದ ಜನ ತೋಟ ನೋಡಲು ಬರುತ್ತಾರೆ. ಊಟ ಮಾಡುತ್ತಾರೆ, ಕೆಲವರು ರಾತ್ರಿ ಉಳಿಯುತ್ತಾರೆ. ಹೆಚ್ಚಿನವರು ಗೂಗಲ್‌ನಲ್ಲಿ ಹುಡುಕಿಯೇ ಬರುತ್ತಿದ್ದರು. ಎರಡು ತಿಂಗಳ ಹಿಂದೆ ಸೈಟಿಗೆ ‘ನಿಮಗೆ 21 ವರ್ಷ ತುಂಬಿದೆಯೇ?’ ಎಂದು ಕೇಳುವ ಪುಟ ಹಾಕಿಸಿದೆವು. ಆಮೇಲೆ ಫೋನ್ ಬರುವುದೇ ಕಡಿಮೆಯಾಯಿತು. ಈಗ ಹುಡುಕಿದರೆ ನಮ್ಮದು ಒಂದೇ ಪುಟ ಸಿಗುತ್ತದೆ, ಅದೂ ವಯಸ್ಸು ಕೇಳುವ ಪುಟ. ಸೈಟ್ ಮಾಡಿಕೊಟ್ಟ ಹುಡುಗ ‘ಗೂಗಲ್ ಬಂದಾಗ ಮಾತ್ರ ಬಾಗಿಲು ತೆಗೆಯೋ ಹಾಗೆ ಮಾಡ್ತೀನಿ’ ಅನ್ನುತ್ತಾನೆ. ಇದು ಮೋಸ ಅಂತ ಗೂಗಲ್ ನಮ್ಮನ್ನೇ ತೆಗೆದುಹಾಕಿದರೆ? ವಯಸ್ಸು ಕೇಳುವುದನ್ನೇ ಬಿಟ್ಟುಬಿಡೋಣವೇ?
— ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಬಿಡಬೇಡಿ. ವಯಸ್ಸು ಕೇಳಿದ್ದರಿಂದ ನಿಮಗೆ ತೊಂದರೆ ಆಗಿಲ್ಲ. ಕೇಳಿದ ಜಾಗದಿಂದ ಆಗಿದೆ.

ನಿಮ್ಮ ಸೈಟಿನಲ್ಲಿ ನಡೆಯುತ್ತಿರುವುದು ಇದು. ಯಾರೇ ಯಾವ ಪುಟ ತೆರೆದರೂ ಸರ್ವರ್ ಅವರನ್ನು ಮೊದಲು ವಯಸ್ಸು ಕೇಳುವ ಪುಟಕ್ಕೆ ಕಳಿಸುತ್ತದೆ. ‘ಹೌದು’ ಒತ್ತಿದರೆ ಅವರ ಬ್ರೌಸರಿನಲ್ಲಿ ಕುಕೀ ಎಂಬ ಚಿಕ್ಕ ಗುರುತಿನ ಚೀಟಿ ಇಟ್ಟು ಒಳಗೆ ಬಿಡುತ್ತದೆ. ಮನುಷ್ಯರಿಗೆ ಇದು ಒಂದು ಕ್ಲಿಕ್ಕಿನ ಕೆಲಸ. ಆದರೆ ಪುಟಗಳನ್ನು ಓದಿಕೊಂಡು ಹೋಗಲು ಬರುವ ಗೂಗಲ್‌ಬಾಟ್ ‘ಹೌದು’ ಎಂಬ ಗುಂಡಿ ಒತ್ತುವುದಿಲ್ಲ. ಒಂದು ಪುಟದಲ್ಲಿ ಕೊಟ್ಟ ಕುಕೀಯನ್ನು ಇನ್ನೊಂದು ಪುಟಕ್ಕೆ ತರುವುದೂ ಇಲ್ಲ. ಪ್ರತಿ ಪುಟಕ್ಕೂ ಅದು ಹೊಸ ಅತಿಥಿ. ತೋಟದ ಪುಟ ಕೇಳಿದರೂ, ಊಟದ ಪುಟ ಕೇಳಿದರೂ, ದಾರಿ ತೋರಿಸುವ ಪುಟ ಕೇಳಿದರೂ ಅದರ ಕೈಗೆ ಸಿಗುವುದು ಅದೇ ವಯಸ್ಸಿನ ಪುಟ. ಹಾಗಾಗಿ ಉಳಿದ ಪುಟಗಳೆಲ್ಲ ಅದರ ಪಟ್ಟಿಯಿಂದ ಒಂದೊಂದಾಗಿ ಬಿದ್ದುಹೋಗುತ್ತವೆ.

ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಹತ್ತು ವರ್ಷದ ಹಿಂದೆ ನಾನೇ ಒಬ್ಬರ ಸೈಟಿಗೆ ಹೀಗೆ ಮಾಡಿದ್ದೆ. ಒಂದು ದಿನ ಬೆಳಿಗ್ಗೆ ಅವರ ಫೋನ್ ಬಂತು. ‘ಮೇಡಂ, ನಮ್ಮ ಹೆಸರು ಹುಡುಕಿದ್ರೆ ಬರೀ ವಯಸ್ಸು ಕೇಳ್ತಿದೆ.’ ವಾಟ್ಸಾಪ್‌ನಲ್ಲಿ ಅವರದೊಂದು ಲಿಂಕ್ ಹಂಚಿ ನೋಡಿದೆ. ಚಿತ್ರವೂ ಇಲ್ಲ, ವಿವರವೂ ಇಲ್ಲ, ‘ನಿಮ್ಮ ವಯಸ್ಸು ದೃಢಪಡಿಸಿ’ ಅಂತ ಒಂದೇ ಸಾಲು. ಅವರು ವರ್ಷಗಟ್ಟಲೆ ಬರೆದಿದ್ದೆಲ್ಲ ಆ ಒಂದು ಸಾಲಿನ ಹಿಂದೆ ಸಿಕ್ಕಿಬಿದ್ದಿತ್ತು. ಆ ಬೆಳಿಗ್ಗೆ ನನಗೆ ಇವತ್ತಿಗೂ ಮರೆತಿಲ್ಲ.

ಸರಿಪಡಿಸುವ ದಾರಿ ಕಷ್ಟದ್ದಲ್ಲ. ಬೇರೆ ಪುಟಕ್ಕೆ ಕಳಿಸುವುದನ್ನು ಪೂರ್ತಿ ನಿಲ್ಲಿಸಿ. ಕೇಳಿದ ಪುಟವನ್ನೇ ಅದರ ವಿಳಾಸದಲ್ಲೇ ಕೊಡಿ, ಅದರ ಮೇಲೆ ವಯಸ್ಸು ಕೇಳುವ ಪರದೆ ಹಾಸಿ. ಪುಟದ ಬರಹ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಸರ್ವರ್ ಕಳಿಸುವ ಪುಟದ ಮೂಲ ಕೋಡಿನಲ್ಲಿ, ಮೊದಲೇ ಇರಬೇಕು. ‘ಹೌದು’ ಒತ್ತಿದ ಮೇಲೆ ತಂದು ತುಂಬಿಸುವಂತಿರಬಾರದು. ಕಾನೂನಿನ ಕಾರಣಕ್ಕೆ ವಯಸ್ಸು ಕೇಳುವವರಿಗೆ ಗೂಗಲ್ ಕೊಡುವ ಸಲಹೆಯೂ ಇದೇ. ಬೇರೆಡೆಗೆ ತಿರುಗಿಸಬೇಡಿ, ಮೇಲೆ ಹಾಸಿ.

ನಿಮ್ಮ ಹುಡುಗನಿಗೆ ಇಷ್ಟು ಹೇಳಿ. ಪರದೆಯ ಎಚ್‌ಟಿಎಂಎಲ್ ಪುಟದ ಕೊನೆಯಲ್ಲಿರಲಿ. ಅದನ್ನು ಒಂದು ಡಿವ್ ಒಳಗಿಟ್ಟು ಆ ಡಿವ್‌ಗೆ ಡೇಟಾ-ನೋಸ್ನಿಪೆಟ್ ಎಂಬ ಗುರುತು ಹಾಕಲಿ. ಇಲ್ಲದಿದ್ದರೆ ಹುಡುಕಾಟದಲ್ಲಿ ನಿಮ್ಮ ಹೆಸರಿನ ಕೆಳಗೆ ಬರುವ ಎರಡು ಸಾಲಿನ ವಿವರದಲ್ಲಿ ‘21 ವರ್ಷ ತುಂಬಿದೆಯೇ’ ಬಂದು ಕೂರಬಹುದು. ಪರದೆಗೆ ಭಾರದ ಫೋಟೋ ಬೇಡ. ಹಿನ್ನೆಲೆಗೆ ದೊಡ್ಡ ಚಿತ್ರ ಹಾಕಿದರೆ ಪುಟ ತೆರೆಯುವುದೇ ನಿಧಾನ ಆಗುತ್ತದೆ, ಗೂಗಲ್ ಆ ವೇಗವನ್ನೂ ಅಳೆಯುತ್ತದೆ. ಒಮ್ಮೆ ‘ಹೌದು’ ಅಂದವರನ್ನು ಒಂದು ತಿಂಗಳಾದರೂ ಮತ್ತೆ ಕೇಳಬೇಡಿ. ಆತ ಡೈಲಾಗ್ ಎಂಬ ಟ್ಯಾಗ್ ಬಳಸುತ್ತಿದ್ದರೆ ಒಂದು ವಿಷಯ ಗಮನಿಸಲಿ. ಎಸ್ಕೇಪ್ ಕೀ ಒತ್ತಿದರೆ ಆ ಪರದೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದನ್ನು ತಡೆಯದಿದ್ದರೆ ಬಾಗಿಲು ಇದ್ದೂ ಇಲ್ಲದ ಹಾಗೆ.

ಪಾಪ್-ಅಪ್ ಹಾಕಿದರೆ ಗೂಗಲ್ ಹಿಂದಕ್ಕೆ ತಳ್ಳುತ್ತದಂತೆ, ಅಲ್ವಾ ಅಂತ ನೀವು ಕೇಳಬಹುದು. ಮೊಬೈಲಿನಲ್ಲಿ ಪುಟ ಮುಚ್ಚಿಹಾಕುವ ಪಾಪ್-ಅಪ್‌ಗಳ ವಿರುದ್ಧ ಗೂಗಲ್ 2016ರ ಆಗಸ್ಟ್‌ನಲ್ಲಿ ನಿಯಮ ಘೋಷಿಸಿತು. 2017ರ ಜನವರಿ 10ರಿಂದ ಅದು ಜಾರಿಗೆ ಬಂತು. ಕಾನೂನಿನ ಅಗತ್ಯಕ್ಕೆ ವಯಸ್ಸು ಕೇಳುವ ಪರದೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಆದರೆ ಅದೇ ಪರದೆಯಲ್ಲಿ ‘ನಮ್ಮ ಸುದ್ದಿಪತ್ರಕ್ಕೆ ಇಮೇಲ್ ಕೊಡಿ’ ಅಂತ ಸೇರಿಸಬೇಡಿ. ಆಗ ಅದು ಬರೀ ಜಾಹೀರಾತಾಗುತ್ತದೆ.

ಇನ್ನು ‘ಗೂಗಲ್‌ಗೆ ಮಾತ್ರ ಬಾಗಿಲು ತೆಗೆಯುವುದು’. ಇದು ಮೋಸವಲ್ಲ. ಬಾಟ್‌ಗೆ ಒಂದು ವಿಷಯ, ಜನರಿಗೆ ಇನ್ನೊಂದು ವಿಷಯ ತೋರಿಸಿದರೆ ಮೋಸ. ‘ಹೌದು’ ಒತ್ತಿದ ಮನುಷ್ಯರಿಗೆ ಕಾಣುವ ಪುಟವೇ ಬಾಟ್‌ಗೂ ಕಂಡರೆ ತಪ್ಪಿಲ್ಲ. ವಯಸ್ಸಿನ ಬಾಗಿಲು ಎದುರಾಗದಂತೆ ಗೂಗಲ್‌ಬಾಟ್ ಅನ್ನು ಒಳಗೆ ಬಿಡಿ ಅಂತ ಸೇಫ್‌ಸರ್ಚ್ (ಹುಡುಕಾಟದಲ್ಲಿ ಅಶ್ಲೀಲ ವಿಷಯ ಮರೆಮಾಡುವ ಸೌಲಭ್ಯ) ಕುರಿತ ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ಒಂದೇ ಷರತ್ತು, ಬಂದಿರುವುದು ನಿಜವಾದ ಗೂಗಲ್‌ಬಾಟ್ ಹೌದೋ ಅಂತ ನೋಡಿಯೇ ಬಿಡಬೇಕು. ‘ನಾನು ಗೂಗಲ್‌ಬಾಟ್’ ಅಂತ ಯಾರು ಬೇಕಾದರೂ ಹೇಳಿಕೊಳ್ಳಬಹುದು. ಬಂದ ಐಪಿ ವಿಳಾಸದಿಂದ ಹೆಸರು ಹುಡುಕಿ, ಅದು ಗೂಗಲ್‌ಬಾಟ್ ಡಾಟ್ ಕಾಮ್ ಎಂದು ಕೊನೆಯಾಗುತ್ತದೋ, ಆ ಹೆಸರಿನಿಂದ ತಿರುಗಿ ಅದೇ ಐಪಿ ಬರುತ್ತದೋ ನೋಡಬೇಕು.

ಆದರೆ ನಿಮ್ಮಂಥ ಸೈಟಿಗೆ ಇಷ್ಟು ಕಷ್ಟ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗೂಗಲ್ ಒಂದಕ್ಕೇ ಬಾಗಿಲು ತೆಗೆದರೆ ಬಿಂಗ್‌ನಂಥ ಬೇರೆ ಹುಡುಕಾಟ ತಾಣಗಳು ಹೊರಗೇ ಉಳಿಯುತ್ತವೆ, ವಾಟ್ಸಾಪ್ ಲಿಂಕೂ ಖಾಲಿ ಬರುತ್ತದೆ. ಮೇಲೆ ಪರದೆ ಹಾಸಿದರೆ ಎಲ್ಲರಿಗೂ ಒಂದೇ ಪುಟ ಹೋಗುತ್ತದೆ. ಹೌದು, ಸ್ವಲ್ಪ ತಿಳಿದವರು ಪರದೆ ಸರಿಸಿ ಓದಬಹುದು. ‘ಹೌದು, ಇಲ್ಲ’ ಕೇಳುವ ಬಾಗಿಲು ಹೇಗೂ ನಂಬಿಕೆಯ ಮೇಲೆ ನಡೆಯುವಂಥದ್ದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಎಲ್ಲ ಪುಟಕ್ಕೂ ಬಾಗಿಲು ಯಾಕೆ? ಬೆಂಗಳೂರು ಬ್ಲೂ ದ್ರಾಕ್ಷಿ ಹೇಗೆ ಬೆಳೆಯುತ್ತೀರಿ, ಕೊಯ್ಲು ಯಾವಾಗ, ಊಟಕ್ಕೆ ಏನಿರುತ್ತದೆ, ನಂದಿ ಕಡೆಯಿಂದ ಎಲ್ಲಿ ತಿರುಗಬೇಕು, ಮಕ್ಕಳನ್ನು ಕರೆತರಬಹುದೇ ಎಂಬುದನ್ನು ಓದಲು ಯಾರಿಗೂ ವಯಸ್ಸಿನ ಮಿತಿ ಬೇಡ. ‘ಮಕ್ಕಳ ಜೊತೆ ಒಂದು ದಿನದ ಪ್ರವಾಸ’ ಅಂತ ಹುಡುಕುವ ತಾಯಿಗೆ ನಿಮ್ಮ ತೋಟ ಸಿಗಬೇಕು. ಬಾಟಲಿಗಳ ಪುಟ, ರುಚಿ ನೋಡುವ ಕಾರ್ಯಕ್ರಮದ ಪುಟ, ಇವೆರಡಕ್ಕೆ ಮಾತ್ರ ಪರದೆ ಹಾಕಿ. ‘ಇಲ್ಲ’ ಅಂದವರನ್ನು ಹೊರಗೆ ಅಟ್ಟಬೇಡಿ, ತೋಟದ ಪುಟಕ್ಕೆ ಕಳಿಸಿ.

ಎಲ್ಲ ಆದ ಮೇಲೆ ನೀವೇ ಪರೀಕ್ಷಿಸಿ. ಕಂಪ್ಯೂಟರಿನಲ್ಲಿ ಪುಟ ತೆರೆದು, ‘ಹೌದು’ ಒತ್ತದೆ, ಕಂಟ್ರೋಲ್ ಮತ್ತು ಯು ಕೀಗಳನ್ನು ಒಟ್ಟಿಗೆ ಒತ್ತಿ. ಪುಟದ ಮೂಲ ಕಾಣುತ್ತದೆ. ಅದರಲ್ಲಿ ನೀವು ಬರೆದ ಒಂದು ವಾಕ್ಯ ಹುಡುಕಿ. ಸಿಕ್ಕರೆ ಗೂಗಲ್‌ಗೂ ಸಿಗುತ್ತದೆ. ಆಮೇಲೆ ಸೈಟಿನ ಮಾಲೀಕರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ಗೆ ಹೋಗಿ ಒಂದೊಂದು ಮುಖ್ಯ ಪುಟದ ವಿಳಾಸ ಹಾಕಿ, ಗೂಗಲ್‌ಗೆ ಏನು ಕಾಣುತ್ತಿದೆ ನೋಡಿ. ತೆಗೆದ ಚಿತ್ರದಲ್ಲಿ ಪರದೆ ಕಂಡರೆ ಗಾಬರಿ ಬೇಡ, ಪಕ್ಕದ ಎಚ್‌ಟಿಎಂಎಲ್‌ನಲ್ಲಿ ಬರಹ ಇದ್ದರೆ ಸಾಕು. ಅಲ್ಲೇ ಮತ್ತೆ ಸೇರಿಸಿಕೊಳ್ಳಲು ಕೇಳಿಕೊಳ್ಳಿ. ಕೆಲವು ಪುಟ ಕೆಲವೇ ದಿನದಲ್ಲಿ ಬರುತ್ತವೆ, ಕೆಲವಕ್ಕೆ ವಾರಗಳೇ ಬೇಕು. ಆ ನಡುವೆ ಮತ್ತೆ ಮತ್ತೆ ಬದಲಾಯಿಸಲು ಹೋಗಬೇಡಿ.

ಪ್ರಶ್ನೆ: ನಾನು ಹಾಸನದವನು, ಈಗ ಮ್ಯಾಂಚೆಸ್ಟರ್‌ನಲ್ಲಿದ್ದೇನೆ. ಅಡುಗೆಮನೆ ಚಾಕು ಮಾರುವ ಅಂಗಡಿಯೊಂದರ ಸೈಟ್ ನೋಡಿಕೊಳ್ಳುತ್ತೇನೆ. ಇಲ್ಲಿ 18ರ ಒಳಗಿನವರಿಗೆ ಚಾಕು ಮಾರುವ ಹಾಗಿಲ್ಲ. ಸೈಟಿನ ಮುಂದೆಯೇ ವಯಸ್ಸು ಕೇಳೋಣ ಅಂತ ಮಾಲೀಕರು. ಹುಡುಕಾಟದಲ್ಲಿ ಕೆಳಗೆ ಹೋಗುತ್ತೇವೆ ಅಂತ ನನಗೆ ಭಯ.

ಉತ್ತರ: ಚಾಕು ನೋಡುವುದಕ್ಕೆ ವಯಸ್ಸಿಲ್ಲ, ಕೊಳ್ಳುವುದಕ್ಕಿದೆ. ಮಾಲೀಕರಿಗೆ ಇಷ್ಟನ್ನೇ ವಿವರಿಸಿ. ಮುಂದೆ ‘ನಿಮಗೆ 18 ಆಗಿದೆಯೇ’ ಅಂತ ಕೇಳಿ ಬಿಟ್ಟರೆ ಅಲ್ಲಿಯ ಕಾನೂನಿಗೆ ಸಾಲದು. ಆನ್‌ಲೈನ್ ಚಾಕು ಮಾರಾಟದಲ್ಲಿ ಕೊಳ್ಳುವವರ ವಯಸ್ಸನ್ನು ನಿಜವಾಗಿ ಪರಿಶೀಲಿಸುವ ವ್ಯವಸ್ಥೆ ಬೇಕು. ಮನೆಗೆ ತಲುಪಿಸುವಾಗಲೂ 18 ದಾಟಿದವರ ಕೈಗೇ ಕೊಡಬೇಕು. ಹಾಗಾಗಿ ಪರಿಶೀಲನೆಯನ್ನು ಹಣ ಕಟ್ಟುವ ಹಂತಕ್ಕೆ ಇಡಿ. ಗೂಗಲ್‌ಬಾಟ್ ಹಣ ಕಟ್ಟಲು ಬರುವುದೇ ಇಲ್ಲ, ಆದ್ದರಿಂದ ಹುಡುಕಾಟಕ್ಕೆ ಏನೂ ಆಗುವುದಿಲ್ಲ. ಚಾಕುವಿನ ಪುಟದಲ್ಲಿ ಬೆಲೆಯ ಕೆಳಗೆ ‘18 ದಾಟಿದವರಿಗೆ ಮಾತ್ರ ಮಾರಾಟ’ ಅಂತ ಒಂದು ಸಾಲು ಸ್ಪಷ್ಟವಾಗಿ ಬರೆಯಿರಿ.

2025ರ ಜುಲೈ 25ರಿಂದ ಬ್ರಿಟನ್‌ನಲ್ಲಿ ಬಿಗಿಯಾದ ವಯಸ್ಸಿನ ಪರಿಶೀಲನೆ ಬಂದಿದೆಯಲ್ಲ, ಅದು ಬೇರೆ. ಅದು ಅಶ್ಲೀಲ ವಿಷಯ ಇರುವ ಸೈಟ್‌ಗಳಿಗೆ ಮತ್ತು ಮಕ್ಕಳಿಗೆ ಹಾನಿಯಾಗುವ ವಿಷಯ ಹರಡಬಹುದಾದ ಜಾಲಗಳಿಗೆ. ಅಂಥಲ್ಲಿ ನಾನು ಮೇಲೆ ಹೇಳಿದ ಪರದೆ ಸಾಲುವುದಿಲ್ಲ, ಸರ್ವರ್‌ನಲ್ಲೇ ತಡೆಯಬೇಕು. ನಿಮ್ಮ ಅಂಗಡಿಗೆ ಅದನ್ನು ತಂದು ಗಂಟು ಹಾಕಬೇಡಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ವೈದ್ಯೆ. ಹದಿಹರೆಯದ ಹುಡುಗಿಯರಿಗಾಗಿ ಮುಟ್ಟು, ದೇಹದ ಬದಲಾವಣೆ, ಸುರಕ್ಷತೆ ಬಗ್ಗೆ ಕನ್ನಡದಲ್ಲಿ ಬರೆದು ಒಂದು ಸೈಟ್ ಮಾಡಿದ್ದೇನೆ. ‘ವಯಸ್ಸು ಕೇಳಿ, ವಯಸ್ಕರ ಸೈಟ್ ಅಂತ ಗುರುತು ಹಾಕಿ, ಇಲ್ಲದಿದ್ದರೆ ಗೂಗಲ್ ತೊಂದರೆ ಕೊಡುತ್ತೆ’ ಅಂತ ಪರಿಚಯದವರೊಬ್ಬರು ಹೆದರಿಸಿದ್ದಾರೆ. ಹಾಕಬೇಕೇ?

ಉತ್ತರ: ಡಾಕ್ಟರೇ, ದಯವಿಟ್ಟು ಹಾಕಬೇಡಿ. ಯಾರಿಗಾಗಿ ಬರೆದಿದ್ದೀರೋ ಅವರೇ ಹೊರಗೆ ನಿಲ್ಲುತ್ತಾರೆ. ಹದಿಮೂರರ ಹುಡುಗಿ, ಅಮ್ಮನ ಹತ್ತಿರ ಕೇಳಲಾಗದೆ ಮನೆಯ ಫೋನಿನಲ್ಲಿ ಕದ್ದು ಹುಡುಕುತ್ತಾಳೆ. ‘ನಿಮಗೆ 18 ಆಗಿದೆಯೇ’ ಅಂತ ಕಂಡ ಕೂಡಲೇ ತಾನೇನೋ ತಪ್ಪು ಮಾಡುತ್ತಿದ್ದೇನೆ ಅಂದುಕೊಂಡು ಮುಚ್ಚಿಬಿಡುತ್ತಾಳೆ.

ನಿಮಗೆ ಹೇಳಿದ ಗುರುತು ರೇಟಿಂಗ್ ಎಂಬ ಮೆಟಾ ಟ್ಯಾಗ್, ಅಂದರೆ ಓದುವವರಿಗೆ ಕಾಣದೆ ಪುಟದ ಕೋಡಿನಲ್ಲಿರುವ ಒಂದು ಸಾಲು. ಅದರಲ್ಲಿ ಅಡಲ್ಟ್ ಎಂದು ಬರೆದರೆ, ಸೇಫ್‌ಸರ್ಚ್ ಹಾಕಿಕೊಂಡವರಿಗೆ ಆ ಪುಟಗಳನ್ನು ತೋರಿಸಬೇಡ ಅಂತ ನೀವೇ ಗೂಗಲ್‌ಗೆ ಹೇಳಿದಂತೆ. ಮಕ್ಕಳ ಫೋನಿನಲ್ಲಿ, ಶಾಲೆಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಸೇಫ್‌ಸರ್ಚ್ ಇರುತ್ತದೆ. ಆ ಟ್ಯಾಗ್ ಲೈಂಗಿಕ ಪ್ರಚೋದನೆಯ ವಿಷಯಕ್ಕೆ ಇರುವಂಥದ್ದು, ನಿಮ್ಮ ಪಾಠಕ್ಕಲ್ಲ. ವೈದ್ಯಕೀಯ ಚಿತ್ರಗಳಲ್ಲಿ ಕೆಲವು ತೀರಾ ಬಿಡಿಸಿ ತೋರಿಸುವಂಥವು ಇದ್ದರೆ ಅವನ್ನಷ್ಟೇ ಬೇರೆ ಫೋಲ್ಡರಿನಲ್ಲಿಡಿ. ಬರಹದ ಪುಟಗಳಿಗೆ ಸರಳ ರೇಖಾಚಿತ್ರ ಸಾಕು.

ಹುಟ್ಟಿದ ದಿನಾಂಕವನ್ನಂತೂ ಕೇಳಲೇಬೇಡಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಇಟ್ಟುಕೊಳ್ಳಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಓದಿಸಲು ನಿಮಗೆ ಯಾರ ಹೆಸರೂ ದಿನಾಂಕವೂ ಬೇಕಿಲ್ಲವಲ್ಲ.

ಗೂಗಲ್ ನಿಮ್ಮನ್ನು ಹೇಗೆ ನೋಡುತ್ತಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಫೋನಿನಲ್ಲಿ ಸೇಫ್‌ಸರ್ಚ್ ಅನ್ನು ಫಿಲ್ಟರ್‌ಗೆ ಇಟ್ಟು, ‘ಸೈಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಅದಕ್ಕೆ ಅಂಟಿಸಿಯೇ ನಿಮ್ಮ ಸೈಟಿನ ವಿಳಾಸ ಬರೆದು ಹುಡುಕಿ. ಪುಟಗಳು ಬಂದರೆ ಯೋಚನೆ ಬೇಡ. ಸೇಫ್‌ಸರ್ಚ್ ತೆಗೆದಾಗ ಮಾತ್ರ ಬರುತ್ತಿದ್ದರೆ ಯಾವ ಪುಟ ಅಂತ ಗುರುತಿಸಿ ನನಗೆ ಬರೆಯಿರಿ, ಇಬ್ಬರೂ ಕೂತು ನೋಡೋಣ.